ಎಂಬತ್ತು ಎಡತೋಳು

ಮನೆಗೆ ಇಲಿ ಸೇರಿಕೊಂಡಿದೆ ಎಂದು ಮೊದಲು ಹೇಳಿದ್ದು ಅತ್ತೆ. ಅವರು ಹೇಳಿದರೆಂದ ಮೇಲೆ ಅದು ಇದ್ದೇ ಇದೆ ಎಂದು ಎಲ್ಲರೂ ಒಪ್ಪಿಕೊಳ್ಳುವುದು ಆ ಮನೆಯ ವಾಡಿಕೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಹೆಂಗಸು ಅವರು. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿ ಯಾರು ಬಂದರು, ಯಾವ ಕೈಯಲ್ಲಿ ಚೀಲ ಹಿಡಿದಿದ್ದಾರೆ ಎಂದು ಹೇಳುತ್ತಿದ್ದರು.

"ಬೀರು ಹಿಂದೆ ಹಲಗೆ ಕಡೀತಿದೆ," ಎಂದರು ಬೆಳಗಿನ ಚಹಾ ಕುಡಿಯುತ್ತ. "ಒಂದೇ ಇಲಿ. ದೊಡ್ಡದು. ವಯಸ್ಸಾಗಿದೆ."

"ವಯಸ್ಸು ಹೇಗಮ್ಮ ಗೊತ್ತಾಯ್ತು?" ಎಂದ ಮಗ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ ಅವನದು. ಯಾವುದಕ್ಕೂ ಲೆಕ್ಕ ಬೇಕು.

"ಆತುರ ಇಲ್ಲ ಅದಕ್ಕೆ. ಸ್ವಲ್ಪ ಹೊತ್ತು ಕಡಿಯುತ್ತೆ, ನಿಲ್ಲಿಸುತ್ತೆ, ಯೋಚನೆ ಮಾಡುತ್ತೆ, ಮತ್ತೆ ಶುರು ಮಾಡುತ್ತೆ."

"ನಂಗೂ ಕೇಳಿಸ್ತು ಅಜ್ಜಿ," ಎಂದಳು ಮೊಮ್ಮಗಳು.

ಸೊಸೆಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಅವಳ ಮಂಚದ ತಲೆಭಾಗ ತೆಳು ಹಲಗೆಯ ಅಡ್ಡಗೋಡೆಗೆ ತಾಗಿಯೇ ಇತ್ತು, ಬೀರು ಅದರ ಪಕ್ಕಕ್ಕೇ ಇತ್ತು. ಗೋಡೆಯ ಆ ಬದಿಗೆ ಅಜ್ಜಿ ಮೊಮ್ಮಗಳು ಮಲಗುತ್ತಿದ್ದರು. ಸೊಸೆ ತಲೆಯನ್ನು ಎರಡು ಕೈಯಲ್ಲಿ ಒತ್ತಿಕೊಂಡು, "ಯಾರು ಹಾಸಿಗೆ ಮೇಲೆ ಬಿಸ್ಕತ್ತು ತಿಂತಾರೋ ಅವರಿಂದ ಬಂದಿರೋದು ಅದು," ಎಂದಳು. ಎದ್ದು ಹೋಗಿ ಮಗಳ ದಿಂಬಿನ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಂದು, ಮೂರು ಬಿಸ್ಕತ್ತು ಇದ್ದಂತೆಯೇ, ಕಸದ ಬುಟ್ಟಿಗೆ ಹಾಕಿದಳು.

ಮಗಳು ಡಬ್ಬಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕಾಲೇಜಿಗೆ ಹೊರಟುಹೋದಳು. ಡಬ್ಬಿ ಅವಳ ಹತ್ತನೇ ಹುಟ್ಟುಹಬ್ಬದ್ದು.

ಸೊಸೆಯೇನೂ ಇಂಥ ಹೆಂಗಸಲ್ಲ. ಯೂನಿಫಾರ್ಮ್ ಹೊಲಿಯುವ ಶೆಡ್ಡೊಂದರಲ್ಲಿ ಹದಿನಾಲ್ಕು ವರ್ಷ ಮಷಿನ್ ತುಳಿದವಳು. ಮಾತಾಡುತ್ತ, ನಗುತ್ತ, ಸಂಜೆ ಬೆನ್ನು ನೋವೆಂದು ಹೇಳಿಕೊಂಡರೂ ಮನೆಗೆ ಬಂದು ಒಲೆ ಹಚ್ಚುವಷ್ಟು ಉಸಿರು ಉಳಿಸಿಕೊಂಡು ಬರುತ್ತಿದ್ದವಳು. ಈಗ ಐದು ವಾರದ ಕೆಳಗೆ ಶೆಡ್ಡಿನ ಹಳೇ ಕಟಿಂಗ್ ಮಾಸ್ಟರಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಮಾಲೀಕರು ಎಲ್ಲರ ಮುಂದೆ ಕತ್ತರಿಸುವ ಮೇಜನ್ನು ತೋರಿಸಿ ಅವಳಿಗೆ, "ಮೂರು ತಿಂಗಳು ನೋಡೋಣ," ಎಂದಿದ್ದರು. ಮಾಲೀಕರು ಮಾತನ್ನು ಗುಂಡಿ ಎಣಿಸಿದಂತೆ ಎಣಿಸಿ ಕೊಡುವ ಮನುಷ್ಯ. ಅಷ್ಟು ಹೇಳಿದ್ದೇ ಹೆಚ್ಚು. ಅವತ್ತು ಗಂಡ ಕೇಕ್ ತಂದಿದ್ದ. ಮೀಟರ್ ಓದಲು ಹೋದ ಬೀದಿಯಲ್ಲೆಲ್ಲ, ನಮ್ಮನೆಯವಳು ಈಗ ಮಾಸ್ಟರ್ ಎಂದು ಹೇಳಿಕೊಂಡು ಬಂದಿದ್ದ. ಮನೆಯಲ್ಲೂ ಹಾಗೇ ಕರೆಯತೊಡಗಿದ. "ಮಾಸ್ಟರ್, ಉಪ್ಪು ಎಲ್ಲಿ?" "ಮಾಸ್ಟರ್, ನನ್ನ ಇನ್ನೊಂದು ಕಾಲುಚೀಲ?"

ಎರಡನೇ ವಾರದಲ್ಲಿ ಎಡವಟ್ಟಾಯಿತು.

ಆಸ್ಪತ್ರೆಯ ಸಹಾಯಕರಿಗೆ ನಲವತ್ತು ನೀಲಿ ಜಾಕೆಟ್. ಬಟ್ಟೆ ಟ್ವಿಲ್. ಅದಕ್ಕೆ ಒಂದು ಮುಖ, ಒಂದು ಬೆನ್ನು. ತೋಳು ಕತ್ತರಿಸಲು ಬಟ್ಟೆ ಹಾಸುವಾಗ ಒಂದು ಪದರದ ಮುಖಕ್ಕೆ ಇನ್ನೊಂದು ಪದರದ ಮುಖ ಒರಗಬೇಕು; ಆಗ ಒಂದು ಎಡ, ಒಂದು ಬಲ ಬರುತ್ತದೆ. ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವತ್ತು ಬೆಳಗಿನಿಂದ ತಪ್ಪಬಾರದು ತಪ್ಪಬಾರದು ಎಂದು ಅಂಚಿಗೆ ಅಂಚು ಕೂಡಿಸುವುದರಲ್ಲೇ ಮುಳುಗಿ, ಎಲ್ಲ ಪದರಗಳನ್ನೂ ಮುಖ ಮೇಲಾಗಿಯೇ ಹಾಸಿದಳು. ಕತ್ತರಿಸುವ ಮಷಿನ್ ಸರಾಗ ಹೋಯಿತು. ಕಟ್ಟು ಕಟ್ಟುವಾಗ ನೋಡಿದರೆ ಎಂಬತ್ತೂ ಎಡತೋಳು. ಬಲತೋಳು ಒಂದೂ ಇಲ್ಲ.

ಮಾಲೀಕರು ಬಂದು ಒಂದು ತೋಳು ಎತ್ತಿ ನೋಡಿದರು. ಇನ್ನೊಂದು ಎತ್ತಿ ನೋಡಿದರು. ಹೊಸ ಬಟ್ಟೆ ತರಿಸಿ ತಾವೇ ನಿಂತು ನಲವತ್ತು ಬಲತೋಳು ಕತ್ತರಿಸಿ ಕೊಟ್ಟರು. ಹೆಚ್ಚಾದ ನಲವತ್ತು ಎಡತೋಳು ಎಲ್ಲಿಗೆ ಹೋದವೋ ಅವಳು ಕೇಳಲಿಲ್ಲ. ಬಯ್ದರೆ ಬಯ್ಯಿಸಿಕೊಳ್ಳಲು ತಯಾರಾಗಿ ನಿಂತಿದ್ದಳು. ಒಂದು ಮಾತಿಲ್ಲ. ಮರುದಿನ ಬಂದು ನೋಡಿದರೆ ಅವಳ ಮೇಜಿನ ಪಕ್ಕ, ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕೆ, ಗೋಡೆಯ ಮೊಳೆಗೆ ಒಂದು ನೀಲಿ ಎಡತೋಳು ತೂಗುತ್ತಿತ್ತು.

ಅವತ್ತಿನಿಂದ ಅದು ಅಲ್ಲೇ ಇತ್ತು. ಫ್ಯಾನ್ ಹಾಕಿದರೆ ಮೆಲ್ಲಗೆ ಅಲ್ಲಾಡುತ್ತಿತ್ತು. ಕತ್ತರಿಸುವ ಮಷಿನ್ ಹಿಡಿಯುವ ಮೊದಲು ಅವಳು ಅದನ್ನು ನೋಡುತ್ತಿದ್ದಳು, ಹಿಡಿದ ಮೇಲೂ ನೋಡುತ್ತಿದ್ದಳು. ತಪ್ಪು ನೆನಪಿರಲಿ ಎಂದಲ್ಲವೇ ತೂಗುಹಾಕಿರುವುದು. ಮೂರು ತಿಂಗಳಾದ ದಿನ ಅದನ್ನು ಕೈಗೆ ಕೊಟ್ಟು ಹೊಲಿಗೆ ಮಷಿನಿಗೆ ವಾಪಸ್ ಕಳಿಸುತ್ತಾರೆ ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಮನೆಯಲ್ಲಿ ಹೇಳಲಿಲ್ಲ. ಕೇಕ್ ತಿಂದ ಬಾಯಿಗಳ ಮುಂದೆ ಹೇಗೆ ಹೇಳುವುದು?

ಇತ್ತ ಇಲಿಯ ಬೇಟೆ ಜೋರಾಯಿತು. ಗಂಡ ಬೋನು ತಂದು ಬೀರುವಿನ ಬುಡದಲ್ಲಿ ಬ್ರೆಡ್ ತುಂಡು ಸಿಕ್ಕಿಸಿ ಇಟ್ಟ. ಮರುದಿನ ಬೆಳಗ್ಗೆ ಕಾಲುಚೀಲ ಹುಡುಕಲು ಹೋಗಿ ತನ್ನದೇ ಹೆಬ್ಬೆರಳನ್ನು ಕೊಟ್ಟ. ಪಕ್ಕದ ಮನೆಯ ಬೆಕ್ಕನ್ನು ಎರಡು ದಿನ ಎರವಲು ತಂದರು. ಅದು ಅತ್ತೆಯ ಹಾಸಿಗೆಯ ಮೇಲೆ ಮಲಗಿ ಎರಡು ದಿನ ಸುಖವಾಗಿದ್ದು ಹೋಯಿತು. ಕೊನೆಗೆ ಒಂದು ಸಂಜೆ ಎಲ್ಲರೂ ಸೇರಿ ಬೀರುವನ್ನೇ ಎಳೆದರು. ಹಿಂದೆ ಒಂದು ಬಾಚಣಿಗೆ, ಒಂದು ಹಳೇ ನಾಣ್ಯ ಸಿಕ್ಕವು. ಹಲಗೆಗೆ ಒಂದು ಗೀರೂ ಇರಲಿಲ್ಲ.

"ಹಾಗಾದ್ರೆ ಒಳಗಿಂದ ಕಡೀತಿದೆ," ಎಂದರು ಅತ್ತೆ.

"ನೀನು ಕೇಳಿಸ್ಕೊಂಡ್ಯಾ?" ಎಂದು ಅವಳು ಗಂಡನನ್ನು ಕೇಳಿದಳು.

"ನಾನು ಮಲಗಿದ್ಮೇಲೆ ಆನೆ ಬಂದ್ರೂ ಕೇಳಲ್ಲ. ನಿನ್ನ ಪಕ್ಕದಲ್ಲೇ ಇರೋದಲ್ವಾ ಇಲಿ, ನಿಂಗೇ ಕೇಳಿಸಬೇಕಿತ್ತು."

ಅವಳು ಒಂದು ರಾತ್ರಿ ಪೊರಕೆ ಹಿಡಿದು ಎದ್ದೇ ಕೂತಳು. ಆ ರಾತ್ರಿ ಇಲಿ ಬರಲಿಲ್ಲ. "ನೀನು ಕಾಯ್ತಿರೋದು ಅದಕ್ಕೆ ಗೊತ್ತಾಗಿದೆ," ಎಂದರು ಅತ್ತೆ.

ಅವಳ ತಲೆನೋವು ಕಿವಿಗೆ ಇಳಿಯಿತು. ಬೆಳಗ್ಗೆ ಎದ್ದರೆ ಕೆನ್ನೆ ಮರಗಟ್ಟಿದಂತಿರುತ್ತಿತ್ತು. ಆಕಳಿಸಿದರೆ ಕಿವಿಯ ಹತ್ತಿರ ಕಟ್ ಎಂದು ಸದ್ದು. ಸೇಬು ಕಚ್ಚಲಾಗದೆ ಚೂರು ಚೂರು ಮಾಡಿಕೊಂಡು ತಿಂದಳು. ಹೆಗಲು ಕಿವಿಯ ಹತ್ತಿರ ಬಂದು ಕೂತಿದ್ದವು. ಹೊಟ್ಟೆಯಲ್ಲಿ ಯಾವಾಗಲೂ ಹುಳಿ. ತಡೆಯಲು ಇನ್ನೆರಡು ಲೋಟ ಚಹಾ ಕುಡಿದಳು, ಹುಳಿ ಇನ್ನೂ ಹೆಚ್ಚಾಯಿತು.

ಒಂದು ಸಂಜೆ ಊಟದ ನಡುವೆ ಅವಳು ಬಾಯಲ್ಲಿದ್ದದ್ದನ್ನು ಬೆರಳಿಂದ ತೆಗೆದು ತಟ್ಟೆಯ ಅಂಚಿಗಿಟ್ಟಳು. "ಬೇಳೆ ಆರಿಸೋಕೂ ಆಗಲ್ವಾ ಅತ್ತೆ? ಕಲ್ಲು."

ಅತ್ತೆಯ ಕೈ ಅರ್ಧದಲ್ಲಿ ನಿಂತಿತು. ಇಪ್ಪತ್ತು ವರ್ಷದಲ್ಲಿ ಸೊಸೆ ಇಂಥ ಮಾತು ಆಡಿರಲಿಲ್ಲ. "ಕನ್ನಡಕ ಹಾಕ್ಕೊಂಡೇ ಆರಿಸಿದೀನಿ," ಎಂದರು.

"ಹಾಕ್ಕೊಂಡ್ರೆ ಸಾಲ್ದು, ನೋಡ್ಬೇಕು."

"ಅಮ್ಮ," ಎಂದಳು ಮಗಳು. "ಅಜ್ಜಿ ಜೊತೆ ಹಾಗೆ ಮಾತಾಡ್ಬೇಡ. ನನ್ನ ಡಬ್ಬಿ ಬಿಸಾಕಿದ್ದೇ ಸಾಕು."

ಗಂಡ ನೀರು ಕುಡಿಯುತ್ತಿದ್ದವನು ಕುಡಿಯುತ್ತಲೇ ಇದ್ದ, ಲೋಟ ಖಾಲಿಯಾದ ಮೇಲೂ. ಅತ್ತೆ ಎದ್ದರು. ಆ ಕಲ್ಲನ್ನು ತಟ್ಟೆಯಿಂದ ಎತ್ತಿಕೊಂಡು ನಲ್ಲಿಯಡಿ ತೊಳೆದು, ಕಾಗದದಲ್ಲಿ ಸುತ್ತಿ ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಾತ್ರೆಗಳನ್ನು ಅವತ್ತು ಗಂಡ ತೊಳೆದ.

ಮರು ಭಾನುವಾರ ಮಧ್ಯಾಹ್ನ ಅವಳು ಮಡಚಿಡಬೇಕಾದ ಬಟ್ಟೆಯ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡು ಹಜಾರದ ಕುರ್ಚಿಯಲ್ಲಿ ಕೂತಿದ್ದಳು. ಮೂರು ಟವೆಲ್ ಮಡಚಿದ್ದು ನೆನಪಿತ್ತು. ಕಣ್ಣು ಬಿಟ್ಟಾಗ ಎದುರಿಗೆ ಮೂರು ಮುಖಗಳು. ಅತ್ತೆಯ ಕೈಯಲ್ಲಿ ಪೊರಕೆ ಮೇಲೆತ್ತಿದ್ದು ಮೇಲೆತ್ತಿದಂತೆಯೇ ಇತ್ತು. ಗಂಡನ ಕೈಯಲ್ಲಿ ಬಕೆಟ್ಟು. ಮಗಳ ಕೈಯಲ್ಲಿ ಫೋನು.

"ಏನು?" ಎಂದಳು.

"ಇಲಿ ಸಿಕ್ತು," ಎಂದರು ಅತ್ತೆ, ಪೊರಕೆ ಇಳಿಸುತ್ತ.

"ಎಲ್ಲಿ?"

ಮಗಳು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಳು. ಕರ್... ಕರ್ರ್... ನಿಂತಿತು, ಯೋಚಿಸಿತು, ಮತ್ತೆ ಕರ್ರ್. ಒಣ ಹಲಗೆಯನ್ನು ಗರಗಸದ ಹಿಂಬದಿಯಿಂದ ತೀಡಿದ ಹಾಗೆ.

"ಇದು ನಾನಾ?"

"ಎಲ್ಲಾ ಹುಡುಕಿದ್ವಿ," ಎಂದ ಗಂಡ, ಬಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ. "ಅಡುಗೆಮನೆ, ಮಂಚದ ಕೆಳಗೆ. ಅಮ್ಮ ಶಬ್ದ ಹಿಡ್ಕೊಂಡು ಒಂದೊಂದೇ ಹೆಜ್ಜೆ ಬಂದ್ರು. ಬಂದು ನಿಂತ್ರೆ ನೀನು. ಹಲ್ಲು ಕಡೀತಿದೀಯ."

ಅತ್ತೆ ಒಳಗೆ ಹೋಗಿ ಕಾಗದದ ಪೊಟ್ಟಣ ತಂದು ಅವಳ ಅಂಗೈ ಮೇಲೆ ಬಿಚ್ಚಿಟ್ಟರು. "ನಾನು ಬೇಳೆ ಸರಿಯಾಗೇ ಆರಿಸಿದ್ದೆ ಅಂತ ತೋರಿಸೋಣ ಅಂತ ಎತ್ತಿಟ್ಟಿದ್ದೆ. ಬೆಳಕಲ್ಲಿ ನೋಡಿದ್ರೂ ಏನೂಂತ ತಿಳಿದಿರ್ಲಿಲ್ಲ. ಈಗ ತಿಳೀತು. ಇದು ಕಲ್ಲಲ್ಲ ಕಣೇ. ನಿನ್ನ ಹಲ್ಲು."

ಅವಳು ನಾಲಿಗೆಯಿಂದ ದವಡೆಯ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬಲಗಡೆ ಹಿಂದಿನದರ ಮೂಲೆ ಇರಲಿಲ್ಲ. ಇಷ್ಟು ದಿನ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಬಯ್ದದ್ದು ತನ್ನ ಬಾಯೊಳಗೇ ಇದ್ದ ಇಲಿಗಾಗಿ. ಅತ್ತೆಯ ಮುಖ ನೋಡಲು ಅವಳಿಗೆ ಆಗಲಿಲ್ಲ. ಅಳು ಬರುವುದೆಂದುಕೊಂಡಳು; ಬಂದದ್ದು ನಗು. ಮೊದಲು ಅವಳಿಗೆ, ಆಮೇಲೆ ಮಗಳಿಗೆ. ಗಂಡ ಮಾತ್ರ, "ಹಾಗಾದ್ರೆ ನನ್ನ ಹೆಬ್ಬೆರಳು?" ಎಂದು ಕೇಳುತ್ತಲೇ ಇದ್ದ.

ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಅತ್ತೆ. ಡಾಕ್ಟರು ಗಿಡ್ಡನೆಯ, ಬೆಚ್ಚನೆ ಕೈಯ ಹೆಂಗಸು. ಬಾಯಿ ಎಷ್ಟು ತೆರೆಯುತ್ತದೆ ಎಂದು ಬೆರಳಿಟ್ಟು ಅಳೆದು ನೋಡಿದರು. ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿರುವುದನ್ನು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ಎರಡು ಕೆನ್ನೆಯ ಮೇಲೂ ಬೆರಳಿಟ್ಟುಕೊಂಡು, ಹವಾಮಾನ ಕೇಳುವ ಹಾಗೆ ಕೇಳಿದರು.

"ಕೆಲಸದಲ್ಲಿ ಏನಾದ್ರೂ ಚಿಂತೆ ಇದೆಯಾ?"

"ಏನೂ ಇಲ್ಲ."

"ನೋಡಿ, ಏನೂ ಇಲ್ಲ ಅಂದ್ರಲ್ಲ, ಆಗ ನನ್ನ ಬೆರಳ ಕೆಳಗೆ ಇದು ಉಬ್ಬಿ ಕಲ್ಲಾಯ್ತು," ಎಂದರು ಡಾಕ್ಟರು. "ಬಾಯಿ ಇಲ್ಲ ಅನ್ನುತ್ತೆ, ದವಡೆ ಹೌದು ಅನ್ನುತ್ತೆ. ನಾನು ದವಡೆ ಡಾಕ್ಟರು, ಅದರ ಮಾತೇ ನಂಬ್ತೀನಿ."

ಮೂಲೆಯ ಸ್ಟೂಲಿನಲ್ಲಿದ್ದ ಅತ್ತೆ ಕಿವಿ ನೆಟ್ಟಗೆ ಮಾಡಿದರು.

"ಹೊಡೆತ ಬೀಳುತ್ತೆ ಅಂತ ಕಾಯೋ ಮೈ ಹೀಗೆ ಬಿಗಿಯಾಗುತ್ತೆ," ಎಂದರು ಡಾಕ್ಟರು. "ಹೆಗಲು ಮೇಲೆ, ಹೊಟ್ಟೆ ಬಿಗಿ, ಉಸಿರು ಚಿಕ್ಕದು, ಹಲ್ಲು ಕಚ್ಚಿ. ಹೊಡೆತ ಬಿದ್ದು ಮುಗಿದ್ರೆ ಸಡಿಲ ಆಗುತ್ತೆ. ಬೀಳದೇ ಇದ್ರೆ ಕಾಯ್ತಾನೇ ಇರುತ್ತೆ, ನಿದ್ದೆಯಲ್ಲೂ. ಹಲ್ಲಿಗೆ ರಾತ್ರಿ ಹಾಕ್ಕೊಳ್ಳೋ ಕವಚ ಮಾಡಿಕೊಡ್ತೀನಿ. ಅದು ಹಲ್ಲು ಉಳಿಸುತ್ತೆ ಅಷ್ಟೇ, ಕಡಿಯೋದನ್ನ ನಿಲ್ಲಿಸಲ್ಲ. ಅದು ನಿಮ್ಮ ಕೆಲಸ. ಸಂಜೆ ಚಹಾ ಬೇಡ. ಬಿಸಿ ನೀರಿನ ಟವೆಲ್ ಕೆನ್ನೆಗೆ. ಊಟ ಆದ್ಮೇಲೆ ಒಂದಷ್ಟು ದೂರ ನಡೀರಿ, ಫೋನ್ ಇಲ್ಲದೆ. ಸ್ವಲ್ಪ ದಿನ ಮೆತ್ತಗಿರೋದೇ ತಿನ್ನಿ. ಹಗಲಲ್ಲಿ ನೆನಪಾದಾಗೆಲ್ಲ ನೋಡ್ಕೊಳ್ಳಿ: ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. ಉಸಿರು ಬಿಡೋದು ತಗೊಳ್ಳೋದಕ್ಕಿಂತ ನಿಧಾನ ಇರಲಿ."

"ಮತ್ತೆ ಆ ಹೊಡೆತ?" ಎಂದರು ಅತ್ತೆ.

"ಅದನ್ನ ಯಾರು ಕೊಡ್ಬೇಕೋ ಅವರನ್ನೇ ಕೇಳ್ಬೇಕು."

ಬಸ್ಸಿಗೆ ಕಾಯದೆ ಇಬ್ಬರೂ ನಡೆದೇ ಹೊರಟರು. ಎರಡು ಬೀದಿ ದಾಟುವವರೆಗೆ ಅತ್ತೆ ಲೈನ್ ಹಿಡಿದು ಕಾಯುವವರ ತಾಳ್ಮೆಯಲ್ಲಿ ನಡೆದರು. ಔಷಧಿ ಅಂಗಡಿಯ ಮುಂದೆ ಸೊಸೆ ನಿಂತಳು.

"ಎಂಬತ್ತು ಎಡತೋಳು ಕತ್ತರಿಸಿಬಿಟ್ಟೆ ಅತ್ತೆ," ಎಂದಳು.

ಎಲ್ಲವನ್ನೂ ಹೇಳಿದಳು. ಮೊಳೆಯ ಮೇಲಿನ ತೋಳು, ಮೂರು ತಿಂಗಳು, ಕೇಕ್. ಅತ್ತೆ ಕೇಳುತ್ತ ಕೇಳುತ್ತ ಒಮ್ಮೆ ಮೂಗಿನಿಂದ ಸದ್ದು ಮಾಡಿದರು.

"ನಗ್ತಿದೀರಾ?"

"ನಲವತ್ತು ಜನ ಎರಡೂ ಕಡೆ ಎಡಗೈ ಇಟ್ಕೊಂಡು ನಿಂತಿದ್ದು ಕಣ್ಣಿಗೆ ಬಂತು." ಆಮೇಲೆ ದನಿ ಇಳಿಸಿದರು. "ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಸಾವಿನ ಸುದ್ದಿ ಬೇರೆ ಮನೆಗೆ ಕನೆಕ್ಟ್ ಮಾಡಿಬಿಟ್ಟಿದ್ದೆ. ಆ ಮನೆಯೋರು ಅರ್ಧ ದಿನ ಅತ್ತಿದ್ರು, ಬದುಕಿರೋ ಮನುಷ್ಯನಿಗೋಸ್ಕರ. ನನ್ನ ಕುತ್ತಿಗೆ ಎಂಟು ತಿಂಗಳು ತಿರುಗಲಿಲ್ಲ. ಗಾಳಿ ಹಿಡಿದಿದೆ ಅಂದ್ರು ಎಲ್ಲ. ಎಣ್ಣೆ ಹಚ್ಚಿದ್ರು. ಏನಾಯ್ತು ಅಂತ ಒಬ್ಬರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇವತ್ತೇ ಮೊದಲು."

"ಆಮೇಲೆ ಹೇಗೆ ಸರಿಹೋಯ್ತು?"

"ನನ್ನ ಮೇಲಿನ ಆಫೀಸರು ರಿಟೈರ್ ಆದ್ರು," ಎಂದರು ಅತ್ತೆ. "ನೀನು ಅಷ್ಟು ದಿನ ಕಾಯ್ಬೇಡ."

ಹೇಳುವುದು ಸುಲಭ. ಅವಳು ಇನ್ನೂ ಎರಡು ವಾರ ತೆಗೆದುಕೊಂಡಳು. ಆ ಎರಡು ವಾರ ಮನೆ ಪೂರ್ತಿ ಡಾಕ್ಟರ ಚೀಟಿಯ ಮೇಲೆ ನಡೆಯಿತು. ಕುಂಬಳಕಾಯಿ ಬೇಯಿಸಿ ಹಿಸುಕಿದ್ದು, ಆಲೂಗಡ್ಡೆ ಬೇಯಿಸಿ ಹಿಸುಕಿದ್ದು. "ಹಲ್ಲು ಒಬ್ಬಳದು ಹೋದ್ರೆ ನಾಲ್ಕು ಜನಾನೂ ಬೊಚ್ಚುಬಾಯಿಯವರ ಊಟ ಮಾಡ್ಬೇಕಾ?" ಎಂದು ಗಂಡ ಗೊಣಗಿದ, ಆದರೆ ಊಟವಾದ ಮೇಲೆ ಚಪ್ಪಲಿ ಹಾಕಿಕೊಂಡು ಮೊದಲು ಬಾಗಿಲಲ್ಲಿ ನಿಲ್ಲುವವನೂ ಅವನೇ. ನಡೆಯುತ್ತ ಬೀದಿಯ ಯಾವ ಮನೆಯ ಮೀಟರ್ ಸೋರುತ್ತದೆ ಎಂದು ವರದಿ ಒಪ್ಪಿಸುತ್ತಿದ್ದ. ಎಡತೋಳಿನ ವಿಷಯ ತಿಳಿದ ದಿನ, "ನಾನು ಹೋದ ವರ್ಷ ಒಂದು ಬೀದಿ ಪೂರ್ತಿ ತಲೆಕೆಳಗು ಓದಿದ್ದೆ. ಆರಕ್ಕೆ ಒಂಬತ್ತು," ಎಂದ. ಅದನ್ನೂ ಅವನು ಯಾರಿಗೂ ಹೇಳಿರಲಿಲ್ಲ.

ಮಗಳು ಕಾವಲುಗಾರಳಾದಳು. ಅಮ್ಮ ಈರುಳ್ಳಿ ಹೆಚ್ಚುವಾಗ, ಬಸ್ಸಿನ ಚಿಲ್ಲರೆ ಹುಡುಕುವಾಗ, "ಹಲ್ಲು," ಎನ್ನುವಳು, ಪುಸ್ತಕದಿಂದ ತಲೆ ಎತ್ತದೆ. ಅಮ್ಮ ದವಡೆ ಸಡಿಲಿಸಿ, ಹೆಗಲು ಕೆಳಗೆ ಬಿಟ್ಟು, ನಿಧಾನ ಉಸಿರು ಬಿಡುವಳು. ಒಂದು ಸಂಜೆ ಅವಳು ಹೊಸ ಬಿಸ್ಕತ್ತಿನ ಡಬ್ಬಿ ತಂದು ಮಗಳ ದಿಂಬಿನ ಪಕ್ಕ ಇಟ್ಟಳು. "ಆ ಹಳೇದು ಸಿಗಲ್ಲ. ನನ್ನದೇ ತಪ್ಪು."

"ಗೊತ್ತು," ಎಂದಳು ಮಗಳು. ಹೊಸದರ ಮುಚ್ಚಳ ತೆಗೆಯುತ್ತ, "ಹಳೇದು ಬುಟ್ಟಿಯಿಂದ ಅವತ್ತೇ ಎತ್ಕೊಂಡಿದ್ದೆ," ಎಂದಳು.

ಸೊಸೆ ಮಾಲೀಕರನ್ನು ಕೇಳಿದ್ದು ಒಂದು ಮಂಗಳವಾರ, ಊಟದ ಬಿಡುವಿನಲ್ಲಿ, ಮಷಿನ್‌ಗಳೆಲ್ಲ ನಿಂತಿದ್ದಾಗ. ಮಾಲೀಕರು ಮೇಜಿನ ಮೇಲೆ ಏನೋ ತಡಕಾಡುತ್ತಿದ್ದರು. ಅವಳು ಉಸಿರು ಬಿಟ್ಟಳು.

"ಸಾರ್, ಆ ತೋಳು. ಎಷ್ಟು ದಿನ ಅಲ್ಲಿರುತ್ತೆ?"

ಮಾಲೀಕರು ಮೊಳೆಯ ಕಡೆ ನೋಡಿದರು. "ಯಾಕೆ? ಬೇರೆ ಕಡೆ ಬೇಕಾ?"

"ನನ್ನ ತಪ್ಪು ನೆನಪಿರಲಿ ಅಂತ ಹಾಕಿದ್ದೀರಿ. ನೆನಪಿದೆ. ಮಷಿನಿಗೆ ವಾಪಸ್ ಕಳಿಸೋದಾದ್ರೆ ಈಗಲೇ ಹೇಳಿಬಿಡಿ."

ಅವರು ಅವಳನ್ನು ನೋಡಿದರು, ತೋಳನ್ನು ನೋಡಿದರು, ಬಟ್ಟೆಯ ರಾಶಿಯಡಿಯಿಂದ ನಾಲ್ಕಡಿಯ ಮರದ ಸ್ಕೇಲನ್ನು ಎಳೆದರು. ಅಷ್ಟು ಹೊತ್ತೂ ಹುಡುಕುತ್ತಿದ್ದದ್ದು ಅದನ್ನೇ. ಮೊಳೆಯ ಹತ್ತಿರ ಹೋಗಿ ತೋಳಿನ ಬಾಯಿ ಅಗಲಿಸಿ ಸ್ಕೇಲನ್ನು ಒಳಗಿಳಿಸಿದರು. ಅದು ಸೀದಾ ಹೋಗಿ ತುದಿಯಲ್ಲಿ ನಿಂತಿತು, ಮೇಲಿನ ಅರ್ಧ ಕೈಗೆ ಸಿಗುವ ಹಾಗೆ ಹೊರಗೆ. ಅವಳು ಹತ್ತಿರ ಹೋಗಿ ನೋಡಿದಳು. ತೋಳಿನ ಬದಿ ಹೊಲಿದಿತ್ತು. ಮುಂಗೈ ತುದಿಯನ್ನು ಎರಡು ಸಾಲು ಗಟ್ಟಿ ಹೊಲಿಗೆ ಹಾಕಿ ಮುಚ್ಚಿತ್ತು. ಇಷ್ಟು ವಾರ ನೋಡಿದ್ದಳು, ಹೊಲಿಗೆ ನೋಡಿರಲಿಲ್ಲ.

"ಸ್ಕೇಲ್ ದಿನಾ ಬಟ್ಟೆ ಅಡಿ ಸೇರ್ಕೊಳ್ಳುತ್ತೆ," ಎಂದರು ಮಾಲೀಕರು. "ಅದಕ್ಕೇ ಹೊಲಿದು ಹಾಕಿದೆ. ಇವತ್ತು ಇಡ್ತೀರಾ, ನಾಳೆ ಇಡ್ತೀರಾ ಅಂತ ನೋಡ್ತಾನೇ ಇದೀನಿ. ನೀವು ಇಡ್ಲೇ ಇಲ್ಲ. ನಾನು ಮಾಡಿದ್ದು ನಿಮಗೆ ಹಿಡಿಸ್ಲಿಲ್ಲ ಅಂದ್ಕೊಂಡು ಸುಮ್ಮನಾದೆ."

"ಒಂದು ಮಾತು ಹೇಳ್ಬಾರ್ದಿತ್ತಾ ಸಾರ್?"

"ನೀವು ಕೇಳ್ಬಾರ್ದಿತ್ತಾ?"

ಇಬ್ಬರೂ ಸ್ಕೇಲನ್ನು ನೋಡುತ್ತ ನಿಂತರು.

"ಉಳಿದ ಮೂವತ್ತೊಂಬತ್ತು ಅಟ್ಟದ ಮೇಲಿವೆ," ಎಂದರು ಮಾಲೀಕರು ಕೊನೆಗೆ. "ಅದೇ ಆಸ್ಪತ್ರೆ, ಅದೇ ಬಟ್ಟೆ, ವರ್ಷಕ್ಕೆರಡು ಸಲ ಕೇಳ್ತಾರೆ. ಬರೋ ತಿಂಗಳು ಬಲಗೈ ಮಾತ್ರ ಕತ್ತರಿಸಿದ್ರೆ ಆಯ್ತು. ಹಳೇ ಮಾಸ್ಟರ್ ಒಂದು ಸಲ ನೂರಿಪ್ಪತ್ತು ಪ್ಯಾಂಟಿಗೆ ಎಡಗಾಲೇ ಕತ್ತರಿಸಿದ್ರು. ಅವರು ಇಪ್ಪತ್ತು ವರ್ಷ ಇದ್ದರಲ್ಲ ಇಲ್ಲಿ." ಅವರ ಮಟ್ಟಿಗೆ ಅದು ಭಾಷಣ. ಮುಗಿಸಿ ಊಟದ ಡಬ್ಬಿ ಬಿಚ್ಚಿದರು.

ಆ ತಿಂಗಳು ಬಂತು. ಅವಳು ಬಟ್ಟೆ ಹಾಸಿದಳು. ಈ ಸಲ ಬೇಕಿದ್ದದ್ದು ಒಂದೇ ಕೈ. ಎಲ್ಲ ಪದರವೂ ಬೆನ್ನು ಮೇಲೆ. ತೋಳಿನೊಳಗಿಂದ ಸ್ಕೇಲು ತೆಗೆದು ಗೆರೆ ಎಳೆದಳು, ಮತ್ತೆ ಅದರೊಳಗೇ ಇಟ್ಟಳು. ನಾಲಿಗೆಯ ತುದಿ ಅಂಗುಳಕ್ಕೆ ತಾಗಿತ್ತು, ಹಲ್ಲುಗಳ ನಡುವೆ ಒಂದು ಬೆರಳಗಲ ಗಾಳಿ ಇತ್ತು. ಮಷಿನ್ ಹಿಡಿದಳು.

ಸಂಜೆ ಮೇಜಿನ ಮೇಲೆ ಸೂಪು, ಪಕ್ಕದಲ್ಲಿ ಕೆಂಪಗೆ ಸುಟ್ಟ ಬ್ರೆಡ್. ಮೆತ್ತನೆಯ ಊಟದಿಂದ ಡಾಕ್ಟರು ಹಿಂದಿನ ದಿನವಷ್ಟೇ ಮುಕ್ತಿ ಕೊಟ್ಟಿದ್ದರು.

"ಬಲಗೈ ಆಯ್ತಾ?" ಎಂದರು ಅತ್ತೆ.

"ನಲವತ್ತು ಕತ್ತರಿಸಿದೆ. ಎಲ್ಲಾ ಬಲ."

"ಎಡಗೈ ಮೂವತ್ತೊಂಬತ್ತೇ ಅಲ್ವಾ ಇರೋದು?" ಎಂದ ಲೆಕ್ಕದ ಗಂಡ.

"ಎಡಗೈ ಒಂದು ಬೇರೆಯಾಗಿ ಕತ್ತರಿಸಿಕೊಂಡೆ. ಮೊಳೆ ಮೇಲಿರೋದನ್ನ ನಾನು ಕೊಡಲ್ಲ."

ಅವಳು ಬ್ರೆಡ್ಡಿನ ಗಟ್ಟಿ ಅಂಚನ್ನು ಬಲಗಡೆ ಇಟ್ಟುಕೊಂಡು, ಮೆಲ್ಲಗೆ, ನಂಬಿಕೆಯಿಲ್ಲದೆ ಕಚ್ಚಿದಳು. ಕರ್ ಎಂದಿತು. ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ಅತ್ತೆ ಒಂದು ಬೆರಳೆತ್ತಿ ಕಿವಿ ವಾಲಿಸಿ ಕೇಳಿದರು.

"ಇಲಿ," ಎಂದರು. "ಹಸಿದಿದೆ ಪಾಪ. ಇನ್ನೊಂದು ತುಂಡು ಹಾಕು ಅದಕ್ಕೆ."